ಕದ್ದು ಮಾಡಿದ ನಮಾಜು

ನಮಾಜಿನ ಕೊನೆಯ ಸಲಾಮು ಹೇಳಿ ಅವನು ಕತ್ತು ತಿರುಗಿಸಿದ. ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಭಜನೆ ಮುಗಿಸಿ ಬಂದಿದ್ದಳು, ಹಣೆಯ ಕುಂಕುಮ ಇನ್ನೂ ಹಸಿಯಾಗಿತ್ತು.

"ಎಷ್ಟು ದಿನದಿಂದ ಇದು?"

"ಮೂರು ವಾರ ಆಯ್ತಮ್ಮ. ಮಸೀದಿಗೆ ಹೋಗಿ ಕಲಿಮಾ ಹೇಳಿ ಮುಸ್ಲಿಮನಾದೆ. ನಿನಗೆ ಹೇಳೋಕೆ ಧೈರ್ಯ ಸಾಲಲಿಲ್ಲ."

"ಯಾವಳಾದ್ರೂ ಹುಡುಗಿ ಸಲುವಾಗಿಯೇನೋ?"

"ಇಲ್ಲಮ್ಮ."

"ಮತ್ತೆ ಯಾರು ನಿನ್ನ ತಲೆ ಕೆಡಿಸಿದ್ದು?"

"ಯಾರೂ ಇಲ್ಲ. ನಾನೇ ಓದಿದೆ, ನಾನೇ ಹೋದೆ."

ಅಮ್ಮ ಅವನ ಮುಖ ನೋಡಲಿಲ್ಲ. ನೆಲದ ಮೇಲಿದ್ದ ಚಾಪೆಯನ್ನೇ ನೋಡುತ್ತಿದ್ದಳು.

"ನಿಮ್ಮಪ್ಪನಿಗೆ ಗೊತ್ತಾದ್ರೆ ಇವತ್ತೇ ಮನೆ ಬಿಟ್ಟು ಓಡಿಸ್ತಾರೆ."

"ಗೊತ್ತು. ಅಪ್ಪ ಓಡಿಸಲಿ, ಹೋಗ್ತೀನಿ." ಅವನು ಎದ್ದು ನಿಂತ. "ನೀನೂ ನನ್ನ ಬಿಟ್ಟುಬಿಡ್ತೀಯೇನಮ್ಮ?"

ಅಮ್ಮ ಒಳಗೆ ಬಂದು ಬಾಗಿಲು ಹಾಕಿದಳು. ಚಿಲಕ ಬಿದ್ದಿದೆಯೇ ಎಂದು ಎರಡು ಸಲ ಎಳೆದು ನೋಡಿದಳು. ಆಮೇಲೆ ಪಿಸುದನಿಯಲ್ಲಿ ಹೇಳಿದಳು:

"ನಮಾಜಿನಲ್ಲಿ ಎರಡು ರಕಾತ್ ಆದ ಮೇಲೆ ಕೂರದೆ ಹಾಗೇ ಎದ್ದುಬಿಟ್ಟೆಯಲ್ಲೋ. ಚಿಕ್ಕವಳಿದ್ದಾಗ ನಾನು ಹಾಗೆ ಮಾಡಿದ್ರೆ, ನಮ್ಮ ಅಬ್ಬಾ ಮತ್ತೆ ಮೊದಲಿಂದ ಮಾಡಿಸ್ತಿದ್ರು."