ಓದುವ ಕೋಣೆಯ ವಕೀಲ

“ಇವನ ಬಾಯಿಗೆ ಮೈಕ್ ಹಿಡಿದವರು ಯಾರು?” ಎಂದು ಪ್ರಾಧ್ಯಾಪಕರು ರೇಡಿಯೋದ ಮೇಲೆ ರೇಗಿದರು. ಕೈಯಲ್ಲಿದ್ದ ಚಹಾ ತುಳುಕಿ ಅಂಗಿಯ ಮೇಲೆ ಬಿತ್ತು.

ರೇಡಿಯೋದಲ್ಲಿ ಯಾವನೋ ಮೂಗಿನಲ್ಲೇ ಮಾತಾಡುತ್ತಿದ್ದ. “ಓದುವ ಕೋಣೆಗೆ ಈಗ ಬರೋರು ಯಾರು ಹೇಳಿ? ನಾಲ್ಕು ಜನ ವಯಸ್ಸಾದೋರು, ಅದೂ ಫ್ಯಾನ್ ಕೆಳಗೆ ತೂಕಡಿಸೋಕೆ. ಪೇಪರ್ ಮನೆಗೇ ಬರುತ್ತೆ, ಪುಸ್ತಕ ಫೋನಲ್ಲೇ ಸಿಗುತ್ತೆ. ಅದನ್ನ ಕೆಡವಿ ಕಾರು ನಿಲ್ಲಿಸೋಕೆ ಜಾಗ ಮಾಡಿದ್ರೆ ಇಡೀ ಪೇಟೆಗೆ ಉಪಕಾರ.”

“ರೀ, ಒಂದು ನಿಮಿಷ ಸರಿಯಾಗಿ ಕೇಳಿ,” ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ.

“ಇದರಲ್ಲಿ ಕೇಳೋದೇನಿದೆ? ನೀನು ಸುಮ್ನಿರು.”

ವಿಷಯ ಸಣ್ಣದಾಗಿರಲಿಲ್ಲ. ಪೇಟೆಯ ಹಳೆಯ ಓದುವ ಕೋಣೆಯನ್ನು ಕೆಡವಬೇಕೋ ಬೇಡವೋ ಎಂದು ನಗರಸಭೆ ಅಂದು ಮಧ್ಯಾಹ್ನ ತೀರ್ಮಾನಿಸುವುದಿತ್ತು. ಅದಕ್ಕೆ ಮೊದಲು ಊರಿನ ರೇಡಿಯೋ ಜನಾಭಿಪ್ರಾಯ ಕೇಳುತ್ತಿತ್ತು. ಇನ್ನೂ ಮನಸ್ಸು ಗಟ್ಟಿ ಮಾಡಿಕೊಳ್ಳದ ನಗರಸಭೆ ಅಧ್ಯಕ್ಷರು ಸ್ಟುಡಿಯೋದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಬೆಳಗಿನಿಂದ ಕರೆ ಮಾಡಿದವರೆಲ್ಲ ಕಾರಿನ ಪಕ್ಷ. ಓದುವ ಕೋಣೆಯ ಪರವಾಗಿದ್ದದ್ದು ಒಂದೇ ಒಂದು ಭಾಷಣ, ಅದು ಪ್ರಾಧ್ಯಾಪಕರದು. ಹಿಂದಿನ ವಾರ ಹೋಗಿ ಧ್ವನಿಮುದ್ರಣ ಮಾಡಿಸಿ, ಅದನ್ನು ಕೇಳಲು ನಿಲ್ಲದೆ ಬಂದಿದ್ದರು.

“ನನ್ನದು ಕೊನೆಗೆ ಹಾಕ್ತಾರೆ,” ಎಂದು ಬೆಳಗಿನಿಂದ ಹೇಳುತ್ತಲೇ ಇದ್ದರು. ಯಾವ ಅಂಶವನ್ನು ಎಲ್ಲಿ ಗಮನಿಸಬೇಕೆಂದು ತಾಯಿಗೆ ಪಾಠವನ್ನೂ ಮಾಡಿದ್ದರು. ಆ ಪಾಠದ ಭರದಲ್ಲಿ ನಿರೂಪಕಿ ಈ ಮೂಗಿನವನನ್ನು ಪರಿಚಯಿಸಿದ್ದು ಅವರ ಕಿವಿಗೆ ಬೀಳಲಿಲ್ಲ.

ತಾಯಿಗಾಗಿಯೇ ಈ ಓಡಾಟ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಆ ಕೋಣೆಗೆ ಮಾತ್ರ. ಬೆಳಿಗ್ಗೆ ಕನ್ನಡಕ ಒರೆಸಿಕೊಂಡು ಹೊರಟರೆ, ಮಧ್ಯಾಹ್ನ ಊರಿನ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದರು. ಅದೂ ಇಲ್ಲವಾದರೆ ಅಮ್ಮ ಕಿಟಕಿಯ ಪಕ್ಕ ಕೂತುಬಿಡುತ್ತಾರೆ ಎಂಬ ಭಯ ಮಗನಿಗೆ ನಿಜವಾಗಿಯೂ ಇತ್ತು.

ಪ್ರಾಧ್ಯಾಪಕರು ತರ್ಕಶಾಸ್ತ್ರ ಕಲಿಸುವವರು, ಅದೂ ಹಳೆಯ ಕ್ರಮದಲ್ಲಿ. ಮೊದಲು ಪೂರ್ವಪಕ್ಷ: ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಹೇಳಬೇಕು. ಆಮೇಲೆ ಅದನ್ನು ಒಂದೊಂದಾಗಿ ಮುರಿಯಬೇಕು. ತರಗತಿಯಲ್ಲಿ ಮುರಿಯುವ ಹೊತ್ತಿಗೆ ಗಂಟೆ ಹೊಡೆದುಬಿಡುತ್ತಿತ್ತು. ಪರೀಕ್ಷೆಯಲ್ಲಿ ಹುಡುಗರು ತಮ್ಮ ಗುರುಗಳು ಒಪ್ಪದ್ದನ್ನೇ ಅಚ್ಚುಕಟ್ಟಾಗಿ ಬರೆದು ಪಾಸಾಗುತ್ತಿದ್ದರು. ಓದಿದವರಾದ ನಮ್ಮ ಹಣೆಬರಹವೇ ಇಷ್ಟು, ನಾವು ಪೀಠಿಕೆ ಮುಗಿಸುವಷ್ಟರಲ್ಲಿ ಊರಿನವರು ಊಟ ಮುಗಿಸಿ ಕೈ ತೊಳೆದಿರುತ್ತಾರೆ. ಇಂಥವರಿಗೆ ಅರೆಬೆಂದ ಅಭಿಪ್ರಾಯ ಕೇಳಿದರೆ ಮೈಯೆಲ್ಲ ಉರಿಯುವುದು ಸಹಜ.

“ಧ್ವನಿ ಕೇಳಿದ್ರೇ ಗೊತ್ತಾಗುತ್ತೆ ಇವನ ಯೋಗ್ಯತೆ. ತುಂಬಿದ ಕೊಡ ತುಳುಕಲ್ಲ,” ಎಂದು ಅವರು ಅಂಗಿಯ ಮೇಲಿನ ಚಹಾ ಒರೆಸಿಕೊಂಡರು.

“ಧ್ವನಿ ಅಷ್ಟೇನೂ ಕೆಟ್ಟದಾಗಿಲ್ಲ ಕಣೋ,” ಎಂದರು ತಾಯಿ. “ಮಾತು ಇನ್ನೂ ಮುಗಿದ ಹಾಗಿಲ್ಲ. ಮುಂದೆ ಏನೋ ಹೇಳ್ತಾನೆ, ತಾಳು.”

“ಇಂಥವರಿಗೆ ಮುಂದೆ ಅಂತ ಒಂದು ಇರಲ್ಲ ಅಮ್ಮ. ಇದ್ದದ್ದೇ ಇಷ್ಟು.”

“ಆ ಮನುಷ್ಯನ ಹೆಂಡತಿಯ ಪಾಡು ಸ್ವಲ್ಪ ಯೋಚನೆ ಮಾಡಿ,” ಎಂದಳು ಹೆಂಡತಿ.

“ಪಾಪ,” ಎಂದು ಪ್ರಾಧ್ಯಾಪಕರು ಮನಸಾರೆ ಮರುಗಿದರು.

ರೇಡಿಯೋದಲ್ಲಿ ಜಾಹೀರಾತು ಶುರುವಾಯಿತು. ಪ್ರಾಧ್ಯಾಪಕರು ಫೋನ್ ಎತ್ತಿಕೊಂಡರು.

“ರೀ, ಬೇಡ. ಅದು ಯಾರು ಅಂತ...”

“ಯಾರಾದ್ರೇನು? ವ್ಯಕ್ತಿ ಮುಖ್ಯ ಅಲ್ಲ, ವಾದ ಮುಖ್ಯ,” ಎಂದು ಅವರು ಕೋಣೆಗೆ ಹೋಗಿ, ರೇಡಿಯೋದ ಸದ್ದು ಫೋನಿಗೆ ಬೀಳದಿರಲೆಂದು ಚಿಲಕ ಹಾಕಿಕೊಂಡರು. ಹೆಂಡತಿ ಎರಡು ಸಲ ಬಾಗಿಲು ಬಡಿದಳು. ಒಳಗಿನಿಂದ “ಶ್” ಎಂಬ ಉತ್ತರ ಬಂತು.

ಜಾಹೀರಾತು ಮುಗಿಯುತ್ತಲೇ ಕರೆ ಸಿಕ್ಕಿತು. ನಿರೂಪಕಿ ಹೆಸರು ಕೇಳಿದಳು.

“ಹೆಸರು ಬೇಡಮ್ಮ. ಒಬ್ಬ ನಾಗರಿಕ ಅಂತ ಇಟ್ಕೊಳ್ಳಿ.”

ಆಮೇಲೆ ಅವರು ಬಾಯಿ ಬಿಟ್ಟರು. ಪೂರ್ವಪಕ್ಷ ನೆನಪಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ‘ಒಂದು ದೃಷ್ಟಿಯಿಂದ’ ಎನ್ನದೆ, ‘ಬಹುಶಃ’ ಎನ್ನದೆ ಮಾತಾಡಿದರು. ಎಷ್ಟು ಹಗುರ, ಎಷ್ಟು ಸುಖ! ಟೀವಿಯಲ್ಲಿ ಕೂಗಾಡುವವರೆಲ್ಲ ಯಾಕೆ ಅಷ್ಟು ಆರೋಗ್ಯವಾಗಿರುತ್ತಾರೆಂದು ಈಗ ತಿಳಿಯಿತು.

“ಈಗ ಮಾತಾಡಿದ ಮನುಷ್ಯ ಜನ್ಮದಲ್ಲಿ ಪುಸ್ತಕ ಮುಟ್ಟಿದವನಲ್ಲ. ಕಾರಿಗೆ ಜಾಗ ಬೇಕಾದ್ರೆ ಅವನ ತಲೆಯಲ್ಲೇ ನಿಲ್ಲಿಸಬಹುದು, ಬೇಕಾದಷ್ಟು ಖಾಲಿ ಇದೆ.”

ಸ್ಟುಡಿಯೋದಲ್ಲಿ ಯಾರೋ ಜೋರಾಗಿ ನಕ್ಕರು. ದನಿ ನೋಡಿದರೆ ಅಧ್ಯಕ್ಷರೇ ಇರಬೇಕು. ಪ್ರಾಧ್ಯಾಪಕರಿಗೆ ಹುರುಪು ಬಂತು.

“ಸಾರ್, ಅವರು ತಿಳಿದವರು, ಅವರ ಮಾತು...” ಎಂದು ನಿರೂಪಕಿ ತಡೆಯಲು ನೋಡಿದಳು.

“ಏನು ತಿಳಿದವರು? ಬಾಯಿ ಇದ್ದವನೆಲ್ಲ ಪಂಡಿತ ಆಗಿಬಿಟ್ಟ. ಅವನು ಇನ್ನು ಏನು ಹೇಳಿದ್ರೂ ಪ್ರಸಾರ ಮಾಡ್ಬೇಡಿ. ಅಧ್ಯಕ್ಷರೂ ಅದನ್ನ ಕಿವಿಗೆ ಹಾಕ್ಕೋಬಾರದು. ಇದು ನನ್ನ ಕಳಕಳಿಯ ವಿನಂತಿ.”

ಓದುವ ಕೋಣೆ ಯಾಕೆ ಉಳಿಯಬೇಕು ಎಂಬುದನ್ನು ಹೇಳಲು ಹೊತ್ತು ಸಾಲಲಿಲ್ಲ. ಅದು ಹೇಗೂ ತಮ್ಮ ಭಾಷಣದಲ್ಲಿ ಬರುತ್ತದಲ್ಲ ಎಂದುಕೊಂಡರು. ಬಾಗಿಲ ಆಚೆ ಅಮ್ಮ ಕೇಳುತ್ತಿರುತ್ತಾರೆಂದು ನೆನೆದು ಎದೆ ತುಂಬಿ ಬಂತು. ಫೋನಿನಲ್ಲಿ ಪಿಸುಮಾತು ಕೇಳಿಸಿತು, ನಿರೂಪಕಿ ಅಧ್ಯಕ್ಷರನ್ನು ಏನೋ ಕೇಳುತ್ತಿದ್ದಳು.

“ಆಗಲಿ ಸಾರ್, ಅಧ್ಯಕ್ಷರೂ ನಿಮ್ಮ ಮಾತು ಒಪ್ಪಿದ್ದಾರೆ,” ಎಂದಳು ಆಕೆ. “ಹಾಗಾಗಿ ತರ್ಕಶಾಸ್ತ್ರದ ಪ್ರಾಧ್ಯಾಪಕರ ಭಾಷಣವನ್ನ ಇಲ್ಲಿಗೇ ನಿಲ್ಲಿಸ್ತಾ ಇದೀವಿ. ಓದುವ ಕೋಣೆ ಯಾಕೆ ಉಳೀಬೇಕು ಅಂತ ಅವರು ಹೇಳಿರೋ ಉಳಿದರ್ಧ ಪ್ರಸಾರ ಆಗೋದಿಲ್ಲ.”