ಹಸಿರು ದಾರ

ಶಾಲೆಯ ಕೈತೋಟ ನೋಡಲು ಮರುದಿನ ಸಾಹೇಬರು ಬರುವವರಿದ್ದರು. ಮೂರನೆಯ ತರಗತಿಯ ಮಕ್ಕಳು ತಲೆಗೊಂದರಂತೆ ನೆಟ್ಟ ಟೊಮೆಟೊ ಗಿಡಗಳಲ್ಲಿ ಇನ್ನೂ ಬರೀ ಹೂವು, ಹೀಚು. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಟೀಚರ್ ಸಂತೆಯಿಂದ ದಪ್ಪ ಹಣ್ಣು ತಂದು, ಎಲೆಗಳ ಮರೆಯಲ್ಲಿ ಹಸಿರು ದಾರದಿಂದ ಗಿಡಗಿಡಕ್ಕೂ ಕಟ್ಟಿದರು. ಹುಲಿಗೆಮ್ಮನ ಗಿಡಕ್ಕೆ ಮಾತ್ರ ಕಟ್ಟಲಿಲ್ಲ. ಅದರಲ್ಲಿ ನಿಜವಾದ ಹಣ್ಣೊಂದು ಕೆಂಪಾಗಿತ್ತು.

ಬೆಳಿಗ್ಗೆ ತಮ್ಮ ತಮ್ಮ ಗಿಡ ನೋಡಿ ಮಕ್ಕಳಿಗೆ ಹಿಗ್ಗೋ ಹಿಗ್ಗು. ಸಾಹೇಬರೂ ಮೆಚ್ಚುತ್ತ ಬಂದು ಕೊನೆಯ ಗಿಡದ ಮುಂದೆ ನಿಂತರು. ಅದು ಬರಿದಾಗಿತ್ತು.

"ಇದಕ್ಯಾಕ ಒಂದೂ ಬಿಟ್ಟಿಲ್ಲ? ನೀರು ಹಾಕಿಲ್ಲೇನವ್ವ ನೀನು?"

ಹುಲಿಗೆಮ್ಮ ತಲೆ ತಗ್ಗಿಸಿದಳು. ಉಳಿದವರು ಕಿಸಕ್ಕೆಂದರು.

ಜೀಪು ಹೋದ ಮೇಲೆ ಟೀಚರ್ ಅವಳನ್ನು ಪಕ್ಕಕ್ಕೆ ಕರೆದರು.

"ನಿನ್ನೆ ಸಂಜಿ ನಿನ್ನ ಗಿಡದಾಗ ಹಣ್ಣಿತ್ತಲ್ಲ. ತಿಂದೇನು?"

ಹುಡುಗಿ ಮುಷ್ಟಿ ಬಿಚ್ಚಿದಳು. ಗೋಲಿಯಷ್ಟೇ ಇದ್ದ ಹಣ್ಣು, ಒಂದು ಬದಿ ಹುಳ ಕೊರೆದಿತ್ತು.

"ಎಲ್ಲಾರ್ದೂ ಅಷ್ಟು ಚಂದ ಅದಾವ್ರಿ ಟೀಚರ್. ನಂದು ನೋಡಿದ್ರ ನಿಮಗ ನಾಚಿಕಿ ಆಕ್ಕೈತಂತ ಹರಕೊಂಡೆನ್ರಿ."