ಕಾರ್ಡ್ ರೀಡರ್ ಬಂದ ದಿನ

ಸನೋಬರ್ ಮೆಮೊರಿ ಕಾರ್ಡನ್ನು ಹೊಸ ಕಾರ್ಡ್ ರೀಡರಿಗೆ ಸಿಕ್ಕಿಸಿ, “ಇನ್ನು ವೈರಿನ ಕಾಟ ಇಲ್ಲ ಅಜ್ಜಾರೆ. ಐದೇ ನಿಮಿಷದಾಗೆ ಹತ್ತೂ ಪುಸ್ತಕ ತುಂಬ್ತಾವೆ ನೋಡ್ರಿ” ಎಂದಳು. ಕಣ್ಣು ಕಾಣದವರಿಗೆ ಧ್ವನಿ ಪುಸ್ತಕ ಕೊಡುವ ಎಂ.ಸಿ.ಸಿ. ಬಡಾವಣೆಯ ಆ ಕೋಣೆಗೆ ಹಾಲೇಶಪ್ಪ ತಿಂಗಳಿಗೊಮ್ಮೆ ಹರಿಹರದಿಂದ ಬಸ್ಸು ಹತ್ತಿ ಬರುತ್ತಿದ್ದರು. ಅವರ ಪ್ಲೇಯರಿಗೆ ವೈರು ಹಾಕಿ ಪುಸ್ತಕ ತುಂಬಲು ಎರಡು ತಾಸು ಹಿಡಿಯುತ್ತಿತ್ತು. ಪಾಪ, ಅಷ್ಟು ಹೊತ್ತು ಕಾಯಬೇಕಲ್ಲ ಎಂದೇ ಅವಳು ಈ ರೀಡರ್ ತಂದಿದ್ದಳು.

ಹಾಲೇಶಪ್ಪ ಕೋಲನ್ನು ಗೋಡೆಗೆ ಒರಗಿಸಿ, ಚೀಲದಿಂದ ಸನೋಬರಳ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಹೋದ ತಿಂಗಳು ಅವಳು ಅದರಲ್ಲಿ ಅವರ ಹೆಂಡತಿ ಶಕುಂತಲಮ್ಮನಿಗೆಂದು ಗಜ್ಜರಿ ಹಲ್ವಾ ಕಳಿಸಿದ್ದಳು. ಒಂದು ಗುಟುಕು ನೀರು ಕುಡಿದು, ನಿಧಾನವಾಗಿ ಕುರ್ಚಿಗೆ ಆತು ಕೂತು, “ನಮ್ಮ ಮನೆಯಾಕಿ…” ಎಂದು ಶುರು ಮಾಡಿದರು. ಅಷ್ಟರಲ್ಲಿ ಪುಸ್ತಕ ತುಂಬಿ ಮುಗಿದು ಕಂಪ್ಯೂಟರ್ ಟಿಣ್ ಎಂದಿತು. ಆ ಸದ್ದು ಕೇಳಿದ ಕೂಡಲೇ ಹೊರಡುವುದು ಮೂರು ವರ್ಷದ ರೂಢಿ. ಮಾತು ಅಲ್ಲಿಗೇ ಬಿಟ್ಟು ಎದ್ದು ನಿಂತರು.

ಡಬ್ಬಿ ಎತ್ತಿದ ಸನೋಬರಳ ಕೈಗೆ ತೂಕವೇ ಸಿಗಲಿಲ್ಲ. ಒಂದು ಚಮಚ ಸಕ್ಕರೆಯನ್ನಾದರೂ ಹಾಕದೆ ಶಕುಂತಲಮ್ಮ ಎಂದೂ ಬರಿ ಡಬ್ಬಿ ಕಳಿಸಿದವರಲ್ಲ.

“ಅಜ್ಜಾರೆ, ಅಮ್ಮಾರು ಹೆಂಗದಾರೆ?”

“ತೀರ್ಕಂಡು ಹನ್ನೊಂದು ದಿನ ಆತು.” ಹಾಲೇಶಪ್ಪ ಕೋಲಿಗಾಗಿ ಗೋಡೆ ತಡಕಾಡಿದರು. “ಹೇಳಾಕೆ ಎರಡು ತಾಸು ಐತೆ ಅಂದ್ಕಂಡಿದ್ದೆ, ತಾಯಿ.”